ಗುಲಾಬಿ ಪಟ್ಟಿಯ ಗಾಲ್ಫ್ ಕೋಲು

ಇವತ್ತು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಡಿಕಾಕ್ಷನ್ ಇಳಿಯಲು ಬಿಟ್ಟು, ಅಕ್ಕಿ ರೊಟ್ಟಿ ತಟ್ಟಲು ನಿಂತಿದ್ದೆ. ಕಾಫಿ ಕೊಯ್ಲಿನ ಕಾಲ. ಬಿಸಿಲು ಬೀಳುವ ಮೊದಲೇ ತೋಟದ ಲೆಕ್ಕ ಬರೆಯುವ ರೈಟರು ಬಂದು ಜಗಲಿಯಲ್ಲಿ ಒಮ್ಮೆ ಕೆಮ್ಮುತ್ತಾರೆ. ಅಷ್ಟರೊಳಗೆ ನಮ್ಮವರ ತಿಂಡಿ ಮುಗಿದಿರಬೇಕು. ಆದರೆ ನಮ್ಮವರು ತಟ್ಟೆಯ ಬದಲು ಗಾಲ್ಫ್ ಕೋಲು ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ಒಂದು ಒಲೆ ಖಾಲಿ ಮಾಡ್ತೀಯಾ?"

ಹಾಲಿನ ಪಾತ್ರೆ ಇಳಿಸಿಕೊಟ್ಟೆ. ಅವರು ಕೋಲನ್ನು ತಲೆಕೆಳಗು ಮಾಡಿ, ತಲೆಯೂ ದಂಡವೂ ಕೂಡುವ ಕುತ್ತಿಗೆಯನ್ನು ಉರಿಯ ಮೇಲೆ ತಿರುಗಿಸತೊಡಗಿದರು. ಎರಡನ್ನೂ ಹಿಡಿದಿರುವ ಅಂಟು ಬಿಸಿಗೆ ಸಡಿಲವಾದರೆ ಹಳೆಯ ದಂಡ, ಅಂದರೆ ಶಾಫ್ಟು, ಕೈಗೆ ಬರುತ್ತದೆ. ಆ ಜಾಗಕ್ಕೆ ಹೊಸದನ್ನು ಕೂರಿಸಬಹುದು. ಈ ಕಡೆ ರೊಟ್ಟಿ, ಆ ಕಡೆ ಕೋಲು, ಎರಡೂ ಬೇಯುತ್ತಿದ್ದವು. ಸುಟ್ಟ ಅಂಟಿನ ವಾಸನೆ ತೆಂಗಿನಕಾಯಿ ಚಟ್ನಿಯವರೆಗೂ ಹೋಯಿತು.

"ಹಳೇದು ತುಂಬಾ ಬಳುಕ್ತಾ ಇತ್ತು. ಅದಕ್ಕೇ ಅಂಗಳದಿಂದ ಎಷ್ಟು ಹೊಡೆದ್ರೂ ಚೆಂಡು ದೂರ ಹೋಗ್ತಿರಲಿಲ್ಲ. ಇದು ಗಟ್ಟಿ ಶಾಫ್ಟು," ಎಂದು ಹೊಸದನ್ನು ಗಾಳಿಯಲ್ಲಿ ಬೀಸಿ ತೋರಿಸಿದರು. ಬೀಸುವಾಗ ಸೊಂಟ ಹಿಡಿದುಕೊಂಡಂತಾಗಿ, ಹಿಡಿದುಕೊಳ್ಳಲಿಲ್ಲ ಎನ್ನುವಂತೆ ಕಿಟಕಿಯ ಹೊರಗೆ ನೋಡಿದರು.

ಬಳುಕುತ್ತಿರುವುದು ಕೋಲಲ್ಲ, ವಯಸ್ಸಾಗಿರುವುದೂ ಕೋಲಿಗಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು. ತಿಂಡಿಯಾದ ಮೇಲೆ ಹೇಳಿಯೇಬಿಡೋಣ ಅಂದುಕೊಂಡೆ. ಆದರೆ ನಿಮಗೂ ಗೊತ್ತಿರಬಹುದು, ವಾಸನೆಗಳು ಮನುಷ್ಯರನ್ನು ಒಂದು ಕಡೆ ನಿಲ್ಲಲು ಬಿಡುವುದಿಲ್ಲ. ಆ ಅಂಟಿನ ವಾಸನೆ ನನ್ನನ್ನು ನೇರ ಮಾವನವರ ಬಳಿಗೆ ಕರೆದುಕೊಂಡು ಹೋಯಿತು.

ಮಾವ ಈಗಿಲ್ಲ. ಇದ್ದಾಗ ತೋಟದ ಪ್ರತಿಯೊಂದು ಕೊಡಲಿಗೂ ಗುದ್ದಲಿಗೂ ತಾವೇ ಮರ ಆರಿಸಿ ಹಿಡಿಕೆಯ ಕಾವು ಹಾಕಿಸುತ್ತಿದ್ದರು. ಕಾವನ್ನು ಮೊಣಕಾಲಿಗೆ ಒತ್ತಿ ನೋಡುವುದು, ಒಂದು ಕೂದಲೆಳೆ ಬಾಗಿದರೂ ಪಕ್ಕಕ್ಕೆ ಎಸೆಯುವುದು. ಗಾಲ್ಫ್ ಕೋಲಿನ ಶಾಫ್ಟಿಗೂ ಅವರು ಕಾವು ಎಂದೇ ಹೇಳುತ್ತಿದ್ದರು. ಅದಕ್ಕೂ ಅದೇ ಪರೀಕ್ಷೆ. ನಮ್ಮ ಕಡೆಯ ಪ್ಲಾಂಟರುಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಚೆಂಡು ಹೊಡೆಯುವುದನ್ನೂ ಅವರು ಬೇರು ಕೀಳುವ ಕೆಲಸವೆಂದೇ ತಿಳಿದಿದ್ದರು.

ಬಾಳ್ಳುಪೇಟೆಯಿಂದ ಒಳಗೆ ತಿರುಗಿದರೆ ಸಿಗುವ ನಮ್ಮ ಕ್ಲಬ್ಬಿನಿಂದ ವರ್ಷಕ್ಕೊಮ್ಮೆ ನಾಲ್ಕು ಜನ ಘಟ್ಟದ ಕೆಳಗಿನವರ ಜೊತೆ ಆಡಲು ಹೋಗುತ್ತಿದ್ದರು. ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ಆ ನಾಲ್ವರಲ್ಲಿ ಮಾವ ಒಬ್ಬರು. ಅವರಿಗೆ ಅದು ಆಟವಲ್ಲ, ಒಂದು ಹುದ್ದೆ. ಆದರೆ ಕ್ಲಬ್ಬಿನ ಮೈದಾನದ ನಡುವೆ ಒಂದು ಹಳ್ಳವಿದೆ, ಮೊದಲು ಗದ್ದೆಯಾಗಿದ್ದ ಜೌಗು. ಮಾವನ ಚೆಂಡು ಬರುಬರುತ್ತಾ ಆ ಹಳ್ಳವನ್ನು ದಾಟದೆ ಹೋಯಿತು. ಅವರ ಬಾಲ್ಯದ ಗೆಳೆಯ, ಬಾಳ್ಳುಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಮಲ್ಲೇಶಪ್ಪನವರು ಸುಮ್ಮನಿರುತ್ತಾರೆಯೇ?

"ಏನ್ ಗೌಡ್ರೆ, ಹಳ್ಳದಲ್ಲಿ ಚೆಂಡು ನಾಟಿ ಹಾಕ್ಸ್ತಾ ಇದೀರಾ? ಗೊಬ್ಬರ ಬೇಕಾದ್ರೆ ಹೇಳಿ."

"ನಿಂದೇನು ದಾಟ್ಬುಟ್ಟದಾ ಮಾರಾಯ?"

"ನಂದು ದಾಟಲ್ಲ. ಆದ್ರೆ ನಾನು ಆ ನಾಲ್ವರಲ್ಲಿ ಇಲ್ವಲ್ಲ."

ಕೊನೆಗೆ ಕ್ಲಬ್ಬಿನವರು ಮುಂದಿನ ತಿಂಗಳ ಒಂದು ಭಾನುವಾರ ಗೊತ್ತುಮಾಡಿದರು. ಅವತ್ತು ಯಾರ ಚೆಂಡು ಹಳ್ಳ ದಾಟುತ್ತದೋ ಅವರಷ್ಟೇ ತಂಡದಲ್ಲಿ. ಅದನ್ನು ಕೇಳಿದ ದಿನದಿಂದ ಮಾವ ಊಟದಲ್ಲಿ ಉಪ್ಪು ಕಡಿಮೆಯಾದರೂ ಹೇಳುವುದನ್ನು ಬಿಟ್ಟರು.

ಅದೇ ಹೊತ್ತಿಗೆ ಬೆಂಗಳೂರಿನಿಂದ ಒಬ್ಬ ಶಾಫ್ಟ್ ಜೋಡಿಸುವವರು ಕ್ಲಬ್ಬಿಗೆ ಬಂದರು. ಒಂದು ಚೀಲದ ತುಂಬ ಶಾಫ್ಟುಗಳು, ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಯಂತ್ರ. ಅದರ ಮುಂದೆ ಕೋಲು ಬೀಸಿದರೆ ಬೀಸಿನ ವೇಗ ತೋರಿಸುತ್ತಿತ್ತು. ವೇಗವಾಗಿ ಬೀಸುವವರಿಗೆ ಗಟ್ಟಿ ಶಾಫ್ಟು, ನಿಧಾನದವರಿಗೆ ಬಳುಕುವುದು. ನಿಧಾನದ ಕೈಗೆ ಗಟ್ಟಿಯದು ಕೊಟ್ಟರೆ ಚೆಂಡು ಮೇಲೇಳುವುದೇ ಇಲ್ಲ, ಬಳುಕುವುದಾದರೆ ಶಾಫ್ಟೇ ಚಿಮ್ಮಿ ಚೆಂಡನ್ನು ಎತ್ತಿಕೊಡುತ್ತದೆ ಎಂದು ಆತ ವಿವರಿಸಿದರು. ನಾವು ಹೆಂಗಸರು ಕ್ಲಬ್ಬಿನ ವರಾಂಡದಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆವು. ಸೀಬೆಯ ಹಸಿ ರೆಂಬೆಯನ್ನು ಬಗ್ಗಿಸಿ ಬಿಟ್ಟರೆ ಮುಖಕ್ಕೆ ಬಡಿಯುವುದನ್ನು ಕಂಡವಳಾದ ನನಗೆ ಅದು ಚೆನ್ನಾಗಿ ಅರ್ಥವಾಯಿತು. ಮಾವನಿಗೆ ಆಗಲಿಲ್ಲ.

ಅವರು ಬೀಸಿದರು. ಯಂತ್ರ ಏನೋ ಹೇಳಿತು. ಆತ ಸಂಕೋಚದಿಂದ ಒಂದು ಶಾಫ್ಟ್ ತೆಗೆದರು. ಅದರ ಮೇಲೆ, ಏನು ಹೇಳಲಿ, ಚಿಕ್ಕ ಹುಡುಗಿಯರ ರಿಬ್ಬನ್ನಿನಂಥ ಗುಲಾಬಿ ಬಣ್ಣದ ಪಟ್ಟಿ.

"ಸರ್, ನಿಮ್ಮ ಬೀಸು ತುಂಬಾ ನಯವಾಗಿದೆ. ಇದು ಹೊಂದುತ್ತೆ."

"ಇದು ಹೆಂಗಸ್ರುದಲ್ವೇನಪ್ಪ?"

"ಹೆಸರಿಗೆ ಹಾಗೆ ಸರ್. ಶಾಫ್ಟಿಗೆ ಗೊತ್ತಾಗಲ್ಲ."

ಮಲ್ಲೇಶಪ್ಪನವರು ಹಿಂದಿನಿಂದ, "ಒಂದು ಮೊಳ ಮಲ್ಲಿಗೆನೂ ಸುತ್ತಿಸ್ಕೊಂಡ್ ಬನ್ನಿ ಗೌಡ್ರೆ," ಎಂದರು. ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು. ಮಾವ ಚೀಲದಲ್ಲಿದ್ದ ಅತಿ ಗಟ್ಟಿ ಶಾಫ್ಟನ್ನು ಮೊಣಕಾಲಿಗೆ ಒತ್ತಿ ನೋಡಿ, "ಇದು ಹಾಕು," ಎಂದರು. ನಗುವವರ ಕಡೆ ತಿರುಗಲಿಲ್ಲ. ಅವರ ಕಿವಿಯ ತುದಿ ಮಾತ್ರ ಕೆಂಪಾಗಿತ್ತು.

ಆ ಕಿವಿ ನೋಡಿಯೇ ಇರಬೇಕು, ನಾನು ಚಹಾದ ಕಪ್ಪು ಕೆಳಗಿಟ್ಟು ಎದ್ದುನಿಂತು, "ಆ ಗುಲಾಬಿಯದು ನನಗಿರಲಿ. ನಾನೂ ಆಡೋದು ಕಲೀಬೇಕು," ಎಂದುಬಿಟ್ಟೆ.

ಹಾಗಾದರೆ ಒಮ್ಮೆ ಬೀಸಿ ತೋರಿಸಿ ಎಂದರು ಆತ. ನೀವು ನಗಬಾರದು. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಹೆಣ್ಣುಮಕ್ಕಳು ಕೈ ಬೀಸಿ ನಡೆಯಬಾರದೆಂದು ತಲೆಯ ಮೇಲೆ ಪುಸ್ತಕವಿಟ್ಟು ನಡೆಸಿದವರು. ಹಾಗಾಗಿ ನನ್ನ ತೋಳುಗಳಿಗೆ ಬೀಸುವುದೇ ಬರುವುದಿಲ್ಲ. ಆರತಿ ಎತ್ತುವಂತೆ ಕೋಲನ್ನು ಒಮ್ಮೆ ಎತ್ತಿ ಇಳಿಸಿದೆ. ಯಂತ್ರ ಏನನ್ನೂ ತೋರಿಸಲಿಲ್ಲ. ಆತ ಅದನ್ನು ಎರಡು ಸಲ ತಟ್ಟಿ ನೋಡಿದರು.

ಆಮೇಲೆ ನನ್ನ ಎತ್ತರಕ್ಕೆ ತಕ್ಕಂತೆ ಶಾಫ್ಟ್ ಕತ್ತರಿಸಲು ಅಳತೆ ಟೇಪು ತೆಗೆದರು. ನಾನೋ ಮಾವನ ಭುಜಕ್ಕೆ ಬರುವವಳು.

"ಕತ್ತರಿಸಬೇಡಿ," ಎಂದೆ.

"ನಿಮಗೆ ಉದ್ದ ಆಗುತ್ತಲ್ಲ ಮೇಡಂ?"

"ನಾನು ಹೈ ಹೀಲ್ಸ್ ಹಾಕ್ತೀನಿ."

ಆತ ಹುಲ್ಲನ್ನು ನೋಡಿದರು, ನನ್ನ ಹವಾಯಿ ಚಪ್ಪಲಿಯನ್ನು ನೋಡಿದರು, ದೂರದಲ್ಲಿ ಬೆನ್ನು ಹಾಕಿ ನಿಂತಿದ್ದ ಮಾವನನ್ನು ನೋಡಿದರು. "ಸರಿ ಮೇಡಂ," ಎಂದು ಟೇಪು ಸುತ್ತಿಟ್ಟರು.

ಕೋಲುಗಳೆರಡೂ ಮನೆಗೆ ಬಂದವು. ಗಟ್ಟಿ ಕೋಲಿನಿಂದ ಮಾವ ಹೊಡೆದದ್ದೆಲ್ಲ ನೆಲ ಬಿಟ್ಟು ಏಳಲಿಲ್ಲ. ನನ್ನ ಕೋಲನ್ನು ಸ್ಟೋರಿನ ಬಾಗಿಲ ಹಿಂದೆ ಇಟ್ಟು ನಾನು ಮರೆತಂತೆ ಇದ್ದೆ. ಒಂದು ದಿನ ಗುಡಿಸುವಾಗ ನೋಡುತ್ತೇನೆ, ಅದರ ತಲೆಗೆ ಹಸಿ ಹುಲ್ಲು ಮೆತ್ತಿಕೊಂಡಿದೆ. ಊಟಕ್ಕೆ ಬಡಿಸುವಾಗ ಮಾವನೇ ಮಾತು ತೆಗೆದರು.

"ನಿನ್ನ ಕೋಲು ಒಸಿ ಸಡಿಲ ಇದ್ದಂಗಿತ್ತು ಕಣಮ್ಮ. ಅದಕ್ಕೇ ಒಂದ್ಸಲ ನೋಡ್ದೆ."

"ಹೇಗಿದೆ ಮಾವ?"

"ಈಗ್ಲೇ ಹೇಳಕ್ಕಾಗಲ್ಲ. ನಾಳೆನೂ ನೋಡ್ಬೇಕು."

ಹೀಗೆ ದಿನವೂ ನನ್ನ ಕೋಲಿನ ಪರೀಕ್ಷೆ ನಡೆಯಿತು. ಅತ್ತೆ ತರಕಾರಿ ಹೆಚ್ಚುತ್ತಾ, "ಅಷ್ಟು ಪರೀಕ್ಷೆ ಮಾಡಿ ನನ್ನನ್ನೂ ಮದ್ವೆ ಆಗಿರ್ಲಿಲ್ಲ," ಎಂದರು.

ಆ ಭಾನುವಾರ ಬಂತು. ಮಾವ ತಮ್ಮ ಚೀಲದಲ್ಲಿ ಗಟ್ಟಿ ಕೋಲು ಇಟ್ಟುಕೊಂಡು, ನನಗೆ, "ನೀನೂ ನಿನ್ನ ಕೋಲು ತಗೊಂಡ್ ಬಾ. ಕಲಿಯೋಳು ನೋಡ್ಬೇಕು," ಎಂದರು. ಹಳ್ಳದ ಅಂಚಿನಲ್ಲಿ ಅವರ ಸರದಿ ಬಂದಾಗ ನನ್ನನ್ನು ಹತ್ತಿರ ಕರೆದರು. "ನೋಡಮ್ಮ, ಕೋಲು ಹಿಂಗೆ ಹಿಡೀಬೇಕು," ಎಂದು ನನ್ನ ಕೋಲು ಇಸಿದುಕೊಂಡು ಒಂದು ಹೊಡೆದರು. ಚೆಂಡು ಎದ್ದಿತು. ಹಳ್ಳದ ಮೇಲೆ ಹೋಗಿ ಆಚೆಯ ಹುಲ್ಲಿನ ಮೇಲೆ ಪುಟಿಯಿತು. ಮಾವ ಆಯಿತೆನ್ನುವಂತೆ ಚೀಲ ಎತ್ತಿಕೊಂಡರು.

"ನಿಂತ್ಕೊಳ್ಳಿ ಗೌಡ್ರೆ," ಎಂದರು ಮಲ್ಲೇಶಪ್ಪ. "ಇದು ಸೊಸೆಗೆ ಪಾಠ. ಲೆಕ್ಕಕ್ಕೆ ಬರಲ್ಲ. ಈಗ ನೀವು ಹೊಡೀರಿ, ನಿಮ್ಮ ಕೋಲಲ್ಲಿ."

ಮಾವ ಚೀಲದಿಂದ ಗಟ್ಟಿ ಕೋಲನ್ನು ಅರ್ಧ ಎಳೆದರು. ಅದರಿಂದ ಹೊಡೆದರೆ ಮಾನ ಉಳಿಯುತ್ತದೆ, ತಂಡ ಹೋಗುತ್ತದೆ. ನಾನು ಅವರ ಮುಖ ನೋಡಲಾರದೆ ಕಾಲು ನೋಡುತ್ತಿದ್ದೆ. ಒಂದು ಶೂಲೇಸು ಬಿಚ್ಚಿಕೊಂಡಿತ್ತು. ಅವರು ಬಗ್ಗಿ ಅದನ್ನು ನಿಧಾನವಾಗಿ ಕಟ್ಟಿದರು. ಆಮೇಲೆ ಎದ್ದು, ಗಟ್ಟಿ ಕೋಲನ್ನು ಒಳಕ್ಕೆ ತಳ್ಳಿ, ಎಲ್ಲರಿಗೂ ಕೇಳುವಂತೆ, "ನಿನ್ನ ಕೋಲು ಕೊಡಮ್ಮ. ನಂಗೆ ಅದೇ ಹೊಂದೋದು," ಎಂದರು.

ಬಿಸಿಲಲ್ಲಿ ಗುಲಾಬಿ ಪಟ್ಟಿ ಎದ್ದು ಕಾಣುತ್ತಿತ್ತು. ಮಾವ ಬೀಸಿದರು. ಚೆಂಡು ಮೊದಲಿನದಕ್ಕಿಂತ ಸ್ವಲ್ಪ ಹಿಂದೆ, ಆದರೂ ಹಳ್ಳದ ಆಚೆ ಬಿತ್ತು. ಅವರು ಮಲ್ಲೇಶಪ್ಪನವರ ಕಡೆ ತಿರುಗಿ, "ಬಳೆ ತೊಟ್ಟಿರೋದು ಕೋಲು ಕಣೋ, ನಾನಲ್ಲ," ಎಂದರು. ಈ ಸಲವೂ ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು, ಆದರೆ ನಗು ಬೇರೆ ಕಡೆಗೆ ತಿರುಗಿತ್ತು.

ಮುಂದಿನ ಸಲ ಶಾಫ್ಟಿನವರು ಬಂದಾಗ ಹಿರಿಯರೆಲ್ಲ ಒಬ್ಬೊಬ್ಬರಾಗಿ ಅವರ ಕಿವಿಯ ಬಳಿ ಹೋಗಿ, ಸೊಸೆಗೆಂದು ಒಂದೊಂದು ಬಳುಕುವ ಶಾಫ್ಟು ಕೇಳಿದರಂತೆ. ಸಕಲೇಶಪುರದ ಕಡೆ ಹೆಂಗಸರು ಇಷ್ಟೊಂದು ಜನ ಗಾಲ್ಫ್ ಆಡುತ್ತಾರಾ, ಅದೂ ಎಲ್ಲರೂ ಇಷ್ಟು ಎತ್ತರವಾ ಎಂದು ಆತ ನನ್ನನ್ನು ಕೇಳಿದರು. ಮಲ್ಲೇಶಪ್ಪನವರೂ ತಮ್ಮ ಸೊಸೆಗೆ ಒಂದು ತೆಗೆದುಕೊಂಡರು. ಅವರ ಮಗನಿಗೆ ಆಗಿನ್ನೂ ಹೆಣ್ಣು ನೋಡುತ್ತಿದ್ದರು.

ಕ್ಲಬ್ಬಿನ ಮುಂದೆ ಕಲಿಯುತ್ತೇನೆಂದು ಹೇಳಿದ ತಪ್ಪಿಗೆ ನಾನೂ ಕಲಿಯಬೇಕಾಯಿತು. ಕಾನ್ವೆಂಟಿನ ತೋಳುಗಳು ಬಿಚ್ಚಿಕೊಳ್ಳಲು ವರ್ಷಗಳೇ ಹಿಡಿದವು. ಮಾವ ಹೋದ ಮೇಲೆ ಆ ಕೋಲು ನನ್ನದೇ ಆಯಿತು. ಉದ್ದ ಮಾತ್ರ ಇವತ್ತಿಗೂ ಅವರದ್ದೇ. ನಾನು ಸ್ವಲ್ಪ ಕೆಳಗೆ ಹಿಡಿಯುತ್ತೇನೆ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ರೊಟ್ಟಿ ಸೀದಿತ್ತು. ನಮ್ಮವರು ಹೊಸ ಶಾಫ್ಟಿಗೆ ಅಂಟು ಹಚ್ಚಿ, ಕೋಲನ್ನು ಗೋಡೆಗೆ ಒರಗಿಸಿ, "ನಾಳೆವರೆಗೂ ಮುಟ್ಟೋ ಹಾಗಿಲ್ಲ," ಎಂದು ಬೇಸರದಿಂದ ತಿಂಡಿಗೆ ಕೂತರು. ಹೇಳಬೇಕೆಂದಿದ್ದ ಮಾತನ್ನು ನಾನು ಹೇಳಲಿಲ್ಲ. ಮಧ್ಯಾಹ್ನ ಮಲಗುವ ಮೊದಲು ನನ್ನ ಕೋಲನ್ನು ಒರೆಸಿ, ಜಗಲಿಯಲ್ಲಿ ಅವರ ಟೋಪಿಯ ಪಕ್ಕ ಇಟ್ಟು, "ಇದು ಯಾಕೋ ಸಡಿಲ ಇದ್ದ ಹಾಗಿದೆ, ಬಿಡುವಾದಾಗ ನೋಡ್ತೀರಾ?" ಎಂದು ಮಾತ್ರ ಕೇಳಿದೆ.

"ನೋಡೋಣ," ಎಂದರು, ಪೇಪರಿನಿಂದ ತಲೆ ಎತ್ತದೆ.

ಸಂಜೆ ಪಕ್ಕದ ತೋಟದ ಸುಶೀಲಾ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಳು. ಬಟ್ಟಲು ಚಾಚುವ ಮೊದಲು ಸೆರಗಿನ ಗಂಟು ಬಿಚ್ಚಿ ಒಂದು ಗಾಲ್ಫ್ ಚೆಂಡನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು.

"ಈಗ ಮಧ್ಯಾಹ್ನ ನಮ್ಮ ಕಣದಲ್ಲಿ ಒಣಗಕ್ಕೆ ಹಾಕಿದ್ದ ಕಾಫಿ ಮಧ್ಯೆ ಬಂದು ಬಿದ್ದಿತ್ತು ಕಣಕ್ಕ. ಯಾವತ್ತೂ ಅಷ್ಟು ದೂರ ಬಂದಿರ್ಲಿಲ್ಲ. ಭಾವನಿಗೆ ಒಸಿ ಮೆತ್ತಗೆ ಹೊಡೀಯಕ್ಕೆ ಹೇಳಿ."