ಗುಂಡಿಗೆ ಬಾಡಿಗೆ ಇಲ್ಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅದಕ್ಕೆ ‘ಜೆಸಿಬಿ ತಂದು ನೋಡು’ ಅಂತಲೂ ಸೇರಿಸಬೇಕು. ಕಡೂರಿನ ಟೀ ಅಂಗಡಿಯಲ್ಲಿ ಕೂತರೆ ಸಾಕು, ಯಾರಾದರೊಬ್ಬರು ಕೇಳುತ್ತಾರೆ, ‘ಮೆಷಿನ್ನಿಗೆ ಎಷ್ಟು ಬಿತ್ತಪ್ಪಾ?’ ಬೆಲೆ, ಇನ್ಶೂರೆನ್ಸು, ನೋಂದಣಿ ಎಲ್ಲ ನನಗೆ ಬಾಯಿಪಾಠ. ಹೇಳಿ ಹೇಳಿ ಸಾಕಾಗಿದೆ.

ತಂದ ಮೇಲಿನ ಖರ್ಚನ್ನು ಯಾರೂ ಕೇಳುವುದಿಲ್ಲ. ಅಜ್ಜಂಪುರದ ಕಡೆ ಒಂದು ಕಲ್ಲು ಹೊಲದಲ್ಲಿ ಬಕೆಟ್ಟಿನ ಹಲ್ಲು ಸವೆದವು. ಎಮ್ಮೆದೊಡ್ಡಿಯಲ್ಲಿ ಆಯಿಲ್ ಪೈಪು ಒಡೆದು, ಹೊಸದು ಬರುವವರೆಗೆ ಇಡೀ ದಿನ ಕೆಲಸ ನಿಂತಿತು. ನೆಂಟರದ್ದಂತೂ ಬೇರೆಯೇ ಲೆಕ್ಕ: ‘ಅರ್ಧ ಗಂಟೆ ಕೆಲ್ಸ ಕಣೋ, ಹಂಗೇ ಬಂದು ಹೋಗು.’ ಅಲ್ಲಿಗೆ ಹೋಗಿ ಬರುವ ಡೀಸೆಲ್ಲು ಅವರ ಅರ್ಧ ಗಂಟೆಯಲ್ಲಿ ಸೇರುವುದಿಲ್ಲ.

ಮೆಷಿನ್ ನನ್ನದಾದರೂ ಓಡಿಸಲು ನನಗೆ ಬರುವುದಿಲ್ಲ. ಓಡಿಸುತ್ತಿದ್ದವನು ತರೀಕೆರೆಯ ಒಬ್ಬ ಸಾಬರವನು, ನನಗಿಂತ ಹಿರಿಯ; ನಾನು ಭಾಯ್ ಎಂದೇ ಕರೆಯುತ್ತಿದ್ದೆ, ಮಾಲೀಕನೆಂದು ಅವನು ನನ್ನನ್ನು ಅಣ್ಣ ಎನ್ನುತ್ತಿದ್ದ. ಜನ ಫೋನ್ ಮಾಡಿದರೆ ಕೇಳುತ್ತಿದ್ದದ್ದು ಮೆಷಿನ್ನನ್ನಲ್ಲ, ಅವನನ್ನು. ಅವನು ಬಿಟ್ಟು ಹೋದರೆ ನನ್ನ ಧಂದೆ ಮುಗಿಯಿತು ಎಂಬುದು ನನಗೆ ಗೊತ್ತಿತ್ತು. ಸಂಬಳದ ಜೊತೆಗೆ, ಕೆಲಸ ಮಾಡಿದಷ್ಟು ಗಂಟೆಗೆ ಬಾಟಾ ಕೊಡುತ್ತಿದ್ದೆ. ಅವನ ಮನೆ ನಡೆಯುತ್ತಿದ್ದದ್ದು ಹೆಚ್ಚಾಗಿ ಆ ಬಾಟಾದಿಂದಲೇ.

ನಮ್ಮ ಜನ ಹೆಣ ಸುಡುವುದಿಲ್ಲ, ಹೂಳುತ್ತೇವೆ. ಹಿಂದೆಲ್ಲ ಕೇರಿಯ ಗಂಡಸರೇ ಸೇರಿ ಗುಂಡಿ ತೋಡುತ್ತಿದ್ದರು. ಈಗ ಯಾರಿಗೂ ಆ ರಟ್ಟೆಯಿಲ್ಲ, ಬೇಸಿಗೆಯಲ್ಲಿ ನೆಲ ಹಾರೆಗೂ ಜಗ್ಗುವುದಿಲ್ಲ. ಹಾಗಾಗಿ ಯಾವ ಊರಲ್ಲಿ ಸಾವಾದರೂ ನನಗೆ ಫೋನು. ಹೆಣದ ಗುಂಡಿಗೆ ಬಾಡಿಗೆ ಕೇಳಬಾರದು, ಕೊಟ್ಟರೂ ಮುಟ್ಟಬಾರದು. ನಾನೂ ಮುಟ್ಟಲಿಲ್ಲ. ಡೀಸೆಲ್ಲು ಹೋದರೆ ಹೋಗಲಿ, ಪುಣ್ಯದ ಕೆಲಸ ಎಂದುಕೊಂಡೆ. ನನಗೇ ಬಾಡಿಗೆ ಇಲ್ಲದ ಮೇಲೆ ಅವನಿಗೆ ಬಾಟಾ ಎಲ್ಲಿಂದ ಎಂದು ಅದನ್ನೂ ಬಿಟ್ಟೆ. ಅವನು ಒಂದು ದಿನವೂ ಕೇಳಲಿಲ್ಲ. ಅವನಿಗೂ ಒಪ್ಪಿಗೆಯಿದೆ ಎಂದೇ ನಂಬಿದ್ದೆ.

ಹೋದ ಬೇಸಿಗೆ ಸಿಂಗಟಗೆರೆಯಲ್ಲಿ ಒಂದು ಗುಂಡಿ ತೆಗೆದು ಕೈಕಾಲು ತೊಳೆದ ಮೇಲೆ ಹೇಳಿದ, ‘ಅಣ್ಣ, ಮುಂದಿನ ತಿಂಗಳಿಂದ ಬೇರೆ ಕಡೆ ಹೋಗ್ತೀನಿ.’

‘ಯಾಕೆ ಭಾಯ್?’

‘ಬೇಸ್ಗೇಲಿ ಸಾವು ಜಾಸ್ತಿ ಅಣ್ಣ. ಬರಿಗೈಲಿ ಮನೆಗೆ ಹೋಗೋ ದಿನಾನೂ ಜಾಸ್ತಿ ಆಯ್ತು.’

ನಾಚಿಕೆಯಾಯಿತು. ಅತ್ತೆ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ, ಅವನ ಕೂಲಿಯಲ್ಲಿ ನಾನು ಪುಣ್ಯ ಕಟ್ಟಿಕೊಂಡಿದ್ದೆ. ಊರೂರಲ್ಲಿ ಕೈ ಮುಗಿಸಿಕೊಂಡವನೂ ನಾನೇ. ಜೇಬಿಗೆ ಕೈ ಹಾಕಿ, ‘ಎಷ್ಟು ಗುಂಡಿ ಆದ್ವು ಹೇಳು, ಎಲ್ಲದಕ್ಕೂ ಈಗ್ಲೇ ಕೊಟ್ಬಿಡ್ತೀನಿ’ ಎಂದೆ.

ಅವನು ಒಂದು ಹೆಜ್ಜೆ ಹಿಂದೆ ಸರಿದ.

‘ಬೇಡಣ್ಣ. ಅವತ್ತಿನ ದಿನ ಕೊಟ್ಟಿದ್ರೆ ಅದು ಬಾಟಾ. ಈಗ ಗುಂಡಿ ಎಣಿಸಿ ತಗೊಂಡ್ರೆ ಹೆಣದ ದುಡ್ಡು ಆಗ್ತದೆ. ಮಕ್ಕಳಿಗೆ ಹೆಂಗೆ ತಿನ್ನಿಸ್ಲಿ?’

ಅವನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸಂಬಳ ಹೆಚ್ಚು ಮಾಡುತ್ತೇನೆ ಎಂದೆ, ಇನ್ನೊಬ್ಬರಿಗೆ ಮಾತು ಕೊಟ್ಟಾಗಿದೆ ಎಂದ.

ಮಾತಿನಂತೆ ತಿಂಗಳು ಪೂರ್ತಿ ದುಡಿದ. ಕೊನೆಯ ದಿನ ಮೆಷಿನ್ ತೊಳೆದು, ಗ್ರೀಸ್ ಹಚ್ಚಿ, ಕೀ ನನ್ನ ಕೈಗಿಟ್ಟು ತರೀಕೆರೆ ಬಸ್ಸು ಹತ್ತಿದ. ಮಾರನೇ ದಿನವೇ ಅಜ್ಜಂಪುರದ ಕಡೆಯಿಂದ ಫೋನು ಬಂತು. ನಮ್ಮ ದೂರದ ನೆಂಟರೊಬ್ಬರು ತೀರಿಕೊಂಡಿದ್ದರು, ಮೆಷಿನ್ ಕಳಿಸಬೇಕಂತೆ. ಓಡಿಸುವವರಿಲ್ಲ ಎಂದೆ. ‘ಇಂಥ ಹೊತ್ತಲ್ಲಿ ಇಲ್ಲ ಅನ್ಬಾರ್ದು ಕಣಪ್ಪಾ, ಪುಣ್ಯದ ಕೆಲ್ಸ’ ಎಂದರು. ಹಿತ್ತಿಲಿನಿಂದ ಹಾರೆ ತೆಗೆದುಕೊಂಡು ನಾನೇ ಹೊರಟೆ.