ಚೆರ್ ಮರದ ಕಣಜ

ನನ್ನ ನಾದಿನಿ ಇಲ್ಕಾಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಗಳಿ ಹೇಳುತ್ತಿರುವ ಮಾತಲ್ಲ ಇದು. ಅವಳ ಅಣ್ಣ ಬಾಲಿಂಟನನ್ನು ನಾನು ಕಟ್ಟಿಕೊಂಡ ದಿನ, ಮದುವೆಯೂಟದ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಎಲ್ಲರೆದುರು ಹೇಳಿದ ಪುಣ್ಯಾತ್ಗಿತ್ತಿ. ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಹುಳುಗಳನ್ನು ಗುರುತು ಹಿಡಿದು ರಟ್ಟಿನ ಚೂರಿಗೆ ಅಂಟಿಸುವುದು ಅವಳ ಕೆಲಸ. ಮದುವೆಯಾಗಲಿಲ್ಲ. ಅವಳ ಎದುರು ಕೂತು ನೆಮ್ಮದಿಯಾಗಿ ಉಣ್ಣುವ ಗಂಡು ನಮ್ಮ ಸೀಮೆಯಲ್ಲಿ ಹುಟ್ಟಿರಲಿಲ್ಲ.

ಆ ವಸಂತದಲ್ಲಿ ಅವಳನ್ನು ಕರೆಸಿದ್ದು ಹಂದಿಗಳ ಸಲುವಾಗಿ. ಬಾಲಿಂಟ್ ಊರ ಹಂದಿ ಕಾಯುವವನು. ಎಲೆ ಉದುರುವ ಕಾಲಕ್ಕೆ ಅವುಗಳನ್ನು ಓಕ್ ಕಾಡಿಗೆ ಹೊಡೆದುಕೊಂಡು ಹೋಗಿ, ಬಿದ್ದ ಕಾಯಿ ಮೇಯಿಸಿ ಕೊಬ್ಬಿಸಬೇಕು. ಆದರೆ ಕೆಲವು ವರ್ಷಗಳಿಂದ ಕಾಯಿಗಳೆಲ್ಲ ಅಂಟಂಟು ಗಂಟಾಗಿ ಉದುರುತ್ತಿದ್ದವು. ಅದು ಕಣಜ ಎಂಬ ಪುಟ್ಟ ಹುಳುವಿನ ಕೆಲಸ. ಆ ಕಣಜ ವಸಂತದಲ್ಲಿ ಒಂದು ತಲೆಮಾರನ್ನು ಚೆರ್ ಎಂಬ ಇನ್ನೊಂದು ಜಾತಿಯ ಓಕ್ ಮರದ ಹೂವಿನಲ್ಲಿ ಕಳೆಯಲೇಬೇಕು, ಇಲ್ಲದಿದ್ದರೆ ಅದರ ಸಂತತಿ ಮುಂದುವರಿಯದು. ಸುತ್ತಮುತ್ತ ಇದ್ದ ಚೆರ್ ಒಂದೇ, ಅದೂ ನಮ್ಮ ಅಂಗಳದಲ್ಲಿ. ಮಾವ ದೋನ್ ನದಿಯ ಯುದ್ಧದಿಂದ ಮರಳಲಿಲ್ಲ, ಹೂಳಲು ಹೆಣವೂ ಸಿಗಲಿಲ್ಲ. ಅವರ ಹೆಸರಿನಲ್ಲಿ ನನ್ನ ಅತ್ತೆ ತೆರೇಜ್ ನೆಟ್ಟ ಮರ ಅದು. ಸತ್ತವರ ಹಬ್ಬದ ದಿನ ಎಲ್ಲರೂ ಸ್ಮಶಾನಕ್ಕೆ ಹೋದರೆ ಅತ್ತೆ ಮೇಣದಬತ್ತಿ ಹಚ್ಚುತ್ತಿದ್ದುದು ಅದರ ಬುಡದಲ್ಲಿ.

ಊರವರು ಮರ ಕಡಿಯಿರಿ ಎಂದು ಪಟ್ಟು ಹಿಡಿದರು. ಚೆರ್ ಹೂವಿನಲ್ಲಿ ಮೊಟ್ಟೆಯಿಟ್ಟು, ಮರಿಗೆ ಗೂಡಾಗುವಂತೆ ಗಂಟು ಕಟ್ಟುವ ಕಣಜಗಳು ಹಲವಿವೆ, ಎಲ್ಲವೂ ಕಾಯಿ ಕೆಡಿಸುವುದಿಲ್ಲ ಎಂದಳು ಇಲ್ಕಾ.

"ಹಂಗಾದ್ರೆ ಇವಳೇ ನೋಡಿ ಹೇಳ್ಲಿ," ಎಂದರು ಅತ್ತೆ. "ಅದೇ ಕಣಜ ಅಂದ್ರೆ ಕಡೀರಿ."

ಮಗಳು ತನ್ನ ಕಡೆ ನಿಲ್ಲುತ್ತಾಳೆ ಎಂದು ಅವರು ನಂಬಿದ್ದರು.

ಇಲ್ಕಾ ಹೂಗೊಂಚಲುಗಳನ್ನು ಗಾಜಿನ ಭರಣಿಯಲ್ಲಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಿದಳು. ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಭರಣಿಯೊಳಗೆ ಹಸಿರಾಗಿ ಮಿನುಗುವ ಹುಳು ಓಡಾಡುತ್ತಿತ್ತು.

"ಹಸಿರು!" ಅತ್ತೆ ಚಪ್ಪಾಳೆ ತಟ್ಟಿದರು. "ಕಾಯಿ ಕೆಡಿಸೋದು ಕಂದು ಅಂತ ನೀನೇ ಅಂದಿದ್ದೆ ತಾನೇ? ಮರ ಉಳೀತು!"

"ಇದು ಗಂಟು ಕಟ್ಟಿದ್ದಲ್ಲಮ್ಮ. ಕಟ್ಟಿದ ಹುಳುನ ಒಳಗೇ ತಿಂದು ಬಂದಿರೋ ಬೇರೆ ಹುಳು."

"ಗಂಟಿನಿಂದ್ಲೇ ತಾನೇ ಬಂತು? ಇದೇ ಅಂದ್ಬಿಡು. ಇಲ್ಲಿ ಯಾರಿಗೆ ಗೊತ್ತಾಗುತ್ತೆ?"

"ನಂಗೊತ್ತಾಗುತ್ತೆ."

"ನಿಮ್ಮಪ್ಪ ಕಣೇ ಅದು!"

ಇಲ್ಕಾ ಭರಣಿಯನ್ನು ಬೆಳಕಿಗೆ ತಿರುಗಿಸಿ ನೋಡತೊಡಗಿದಳು. ಅವಳ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತು ನನಗೆ. ಹಂದಿಗಳ ನೆನಪಾಗಿ ಸುಮ್ಮನಾದೆ.

ಆಮೇಲೆ ಕಂದು ಕಣಜಗಳು ಹೊರಬಂದವು. ಭೂತಗನ್ನಡಿಯಲ್ಲಿ ನೋಡುತ್ತಿದ್ದಂತೆ ಇಲ್ಕಾಳ ಮುಖ ಬಿಳಿಚಿಕೊಂಡಿತು. ಆದರೂ ಖಾತ್ರಿಯಾಗದೆ ಹೇಳುವವಳಲ್ಲ. ಕಾಡಿನಂಚಿನ ಓಕ್ ಮರದ ಕೊಂಬೆಯೊಂದಕ್ಕೆ ಬಟ್ಟೆಯ ಚೀಲ ಹೊದಿಸಿ, ಹೆಣ್ಣು ಕಣಜವನ್ನು ಒಳಗೆ ಬಿಟ್ಟಳು. ಎಲೆಯ ಮೊಗ್ಗಿಗೆ ಮೊಟ್ಟೆಯಿಟ್ಟರೆ ಬೇರೆ ಜಾತಿ, ಮರ ಉಳಿಯುತ್ತದೆ. ಕಾಯಿಯಾಗುವ ಹೂವಿಗೆ ಇಟ್ಟರೆ ಕಾಯಿ ಕೆಡಿಸುವುದು ಅದೇ. ನಾವು ನಾಲ್ವರೂ ತಲೆಗೆ ತಲೆ ತಾಗಿಸಿ ನಿಂತೆವು.

ಕಣಜ ಮೊಗ್ಗನ್ನು ಹತ್ತಿತು. ಮೀಸೆಯಿಂದ ಮುಟ್ಟಿ ಮುಟ್ಟಿ ನೋಡಿತು. ಅತ್ತೆ ನನ್ನ ಮಣಿಕಟ್ಟನ್ನು ಉಗುರು ನಾಟುವಂತೆ ಹಿಡಿದಿದ್ದರು. "ಅಲ್ಲೇ ಇಡಮ್ಮಾ, ಅಲ್ಲೇ," ಎಂದು ಹುಳುವಿಗೆ ಗೋಗರೆದರು. ಅದು ಮೊಗ್ಗಿನಿಂದ ಇಳಿದು, ಪಕ್ಕದ ಪುಟ್ಟ ಹೂವಿನ ಮೇಲೆ ಹೊಟ್ಟೆ ಬಗ್ಗಿಸಿ ಕೂತು ಮೊಟ್ಟೆಯಿಡುವ ಮುಳ್ಳು ಊರಿತು.

"ಇದೇ, ಅಮ್ಮಾ," ಎಂದಳು ಇಲ್ಕಾ.

ಹಂದಿಗಳಿಗೆ ಮೇವು ಸಿಗುತ್ತದೆಂದು ನನಗೆ ಖುಷಿಯಾಗಬೇಕಿತ್ತು. ಅತ್ತೆಯ ಹಿಡಿತದಿಂದ ಕೈ ಬಿಡಿಸಿಕೊಳ್ಳಲಿಲ್ಲ.

ಅಂದೇ ಬಾಲಿಂಟ್ ಎರಡು ಹಿಡಿಯ ಗರಗಸ ತಂದು, ಒಂದು ತುದಿ ತಾನು ಹಿಡಿದು ಇನ್ನೊಂದನ್ನು ನನಗೆ ಕೊಟ್ಟ. ಅತ್ತೆ ಬಂದು ಇಬ್ಬರನ್ನೂ ಸರಿಸಿದರು.

"ನೆಟ್ಟೋಳು ನಾನು. ಹೇಳಿದೋಳು ಅವಳು. ಇಲ್ಕಾ, ಆ ಕಡೆ ಹಿಡಿ."

ಇಲ್ಕಾ ಮಂಡಿಯೂರಿ ಹಿಡಿದಳು. ಗರಗಸ ತೊಗಟೆಯ ಮೇಲೆ ಜಾರಿತು.

"ಗಟ್ಟಿಯಾಗಿ ಎಳಿ ಮಗಳೇ," ಎಂದರು ಅತ್ತೆ. "ಅವ್ರಿಗೆ ನೋವಾಗ್ಬಾರ್ದು."