ಸವಿತಾಳ ಪಾಲಿನ ಕಂಡಿಕೆ

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ರೋಣ, ಗಜೇಂದ್ರಗಡ ಕಡೆಯ ಶಾಲೆಗಳಿಗೆ ಸುತ್ತುವ ಫಿಜಿಯೋಥೆರಪಿಸ್ಟ್ ಆಗಿದ್ದೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆದರೆ ಗಜೇಂದ್ರಗಡದ ಆ ನೇಕಾರರ ಮನೆಯಲ್ಲಿ ಯಾರೂ ನನಗೆ ಕೂಡ್ರಿ ಅನ್ನಲಿಲ್ಲ ಎಂಬುದು ಖಚಿತ.

ಆ ಮನೆಯ ಮಗಳು, ನಾಲ್ಕನೇ ತರಗತಿಯ ಸವಿತಾ, ಅಂಗಿಯ ಗುಂಡಿ ಹಾಕಿಕೊಳ್ಳಲಾರಳು, ಗೆರೆಯ ಮೇಲೆ ಬರೆಯಲಾರಳು, ಓಡಿದರೆ ಬೀಳುವಳು. ಪಾಠ ಮಾತ್ರ ಬಾಯಲ್ಲಿ ಪಟಪಟ ಒಪ್ಪಿಸುತ್ತಿದ್ದಳು. "ಸೊಕ್ಕ ರೀ ಸರ, ಬರಿಯಾಕ ಮೈಗಳ್ಳತನ" ಎಂದಿದ್ದರು ಅವಳ ಗುರುಗಳು. ಪರೀಕ್ಷಿಸಿದಾಗ ನನಗೆ ಕಂಡದ್ದು ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್. ಬುದ್ಧಿ ಚುರುಕು, ಸ್ನಾಯುಗಳೂ ಗಟ್ಟಿ. ಕೈಕಾಲುಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸುವುದು ಮಾತ್ರ ಮಿದುಳಿಗೆ ಸಲೀಸಲ್ಲ. ಹೊಡೆದರೆ ಹೋಗುವಂಥದ್ದಲ್ಲ.

ಅದನ್ನು ತಿಳಿಸಲು ಮನೆಗೆ ಹೋದರೆ, ತಂದೆ ಈರಪ್ಪ ಮಗ್ಗದಿಂದ ಏಳದೆಯೇ ನಕ್ಕ. "ಮನ್ಯಾಗ ದಿನಾ ಬುಟ್ಟಿ ತುಂಬ ಕಂಡಿಕಿ ಸುತ್ತತಾಳ್ರಿ. ಎಂಥಾ ರೋಗರಿ ಇದು, ಸಾಲ್ಯಾಗ ಅಷ್ಟ ಬರ್ತದ?"

ಲಾಳಿಯೊಳಗೆ ಇಡುವ ನೂಲಿನ ಸುರುಳಿಯೇ ಕಂಡಿಕೆ. ಅದನ್ನು ಸುತ್ತುವುದು ಆ ಮನೆಯಲ್ಲಿ ಹೆಣ್ಣುಮಕ್ಕಳ ಪಾಲಿನ ಕೆಲಸ. ಸೋಮವಾರದಿಂದ ಶಾಲೆ ಬಿಡಿಸಿ ಅವಳನ್ನು ರಾಟೆಗೆ ಕೂಡಿಸುವುದೆಂದು ಅವನು ತೀರ್ಮಾನಿಸಿಯಾಗಿತ್ತು. "ಬರೋ ಕೆಲಸಾ ಮಾಡಲಿ. ನೀವಿನ್ನ ಹೊಂಡ್ರಿ."

ನನಗೂ ರೇಗಿತ್ತು. ನನ್ನ ರೋಗನಿರ್ಣಯವೇ ತಪ್ಪೇನೋ ಎಂಬ ಸಂಶಯ ಬೇರೆ. "ನನ್ನ ಮುಂದ ಒಂದು ಸುತ್ತಲಿ, ಹೋಗ್ತೀನಿ" ಎಂದೆ.

ಸವಿತಾ ರಾಟೆಯ ಮುಂದೆ ಕೂತಳು. ಬಲಗೈ ತಿರುಗಿಸಿದರೆ ಎಡಗೈ ಎಳೆ ಬಿಡುತ್ತಿತ್ತು. ಎಳೆ ಹಿಡಿದರೆ ರಾಟೆ ನಿಲ್ಲುತ್ತಿತ್ತು. ನೂಲು ಹರಿದು ತುಂಡಾಯಿತು. ಮತ್ತೆ ಹರಿಯಿತು.

"ಬೇಕಂತನ ಮಾಡಾಕತ್ತೀ" ಎಂದು ಈರಪ್ಪ ಕೈ ಎತ್ತಿಕೊಂಡು, ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಕುಣಿಯಿಂದ ಎದ್ದ.

ತಾಯಿ ಶಾಂತವ್ವ ಅಡ್ಡ ಬಂದಳು. "ಅಕಿನ್ನ ಮುಟ್ಟಬ್ಯಾಡ್ರಿ. ಅಕಿ ಪಾಲಿಂದು ನಾನ ಸುತ್ತತಿದ್ದೆ."

ಕಂಡಿಕೆ ಸುತ್ತಲು ಬಾರದ ಹುಡುಗಿಯನ್ನು ನೇಕಾರರ ಮನೆಗೆ ಸೊಸೆಯಾಗಿ ಯಾರು ತಂದುಕೊಳ್ಳುತ್ತಾರೆ? ಆ ಅಂಜಿಕೆಗೆ ಮಗಳ ಬುಟ್ಟಿಯನ್ನು, ರಾತ್ರಿ ಗಂಡ ಮಲಗಿದ ಮೇಲೆ, ತಾಯಿಯೇ ತುಂಬಿಡುತ್ತಿದ್ದಳು. ಅದೇ ಬುಟ್ಟಿ ಈಗ ಮಗಳ ಶಾಲೆ ಬಿಡಿಸಲು ಹೊರಟಿತ್ತು.

"ನನಗ ಸುಳ್ಳ ಹೇಳಿದಿ?"

"ಖರೇ ಹೇಳಿದ್ರ ಹೊಡೀದ ಬಿಡತಿದ್ರೇನು?"

ಮಾತಿನ ಕ್ರಮ ನನ್ನ ನೆನಪಿನಲ್ಲಿ ಹಿಂದುಮುಂದಾಗಿರಬಹುದು. ಆಕೆಯ ದನಿ ಏರಲಿಲ್ಲ ಎಂಬುದಂತೂ ನಿಜ. ಈರಪ್ಪ ತುಂಡಾದ ನೂಲನ್ನು ಬಳಿದು ಮೂಲೆಗೆ ಎಸೆದ. "ಇಲ್ಲಿ ಕುಂತ್ರ ನೂಲು ಹಾಳು. ಸಾಲಿಗೇ ಹೋಗಲಿ" ಅಂದ.

ಅದು ಮಮತೆಯಲ್ಲ, ತಿರಸ್ಕಾರ. ನನಗೆ ಅಷ್ಟೇ ಸಾಕಿತ್ತು. ಗುರುಗಳೊಡನೆಯೂ ಜಗಳವಾಡಿ, ಅವಳು ಉತ್ತರಗಳನ್ನು ಬಾಯಲ್ಲಿ ಹೇಳಲು ಬಿಡುವಂತೆ ಮಾಡಿದೆ.

ಮಗುವಿಗೆ ಏನೇನು ಬರುತ್ತದೆ ಎಂದು ಮನೆಯವರು ಹೇಳಿದ್ದನ್ನು ಅಂದಿನಿಂದ ನಾನು ಬರೆದುಕೊಳ್ಳುವುದಿಲ್ಲ. ಮಾಡಿ ತೋರಿಸಲಿ ಅನ್ನುತ್ತೇನೆ. ಅದಕ್ಕೂ ಮೊದಲು, ಹೊಡೆಯುವವರನ್ನು ಹೊರಗೆ ಕಳಿಸುತ್ತೇನೆ.